ಯಾರದೂ ಅಲ್ಲದ ಕೆರೆ

ಮೀನು ಹಿಡಿಯುವ ವಿಡಿಯೊ ಗೇಮುಗಳ ಬಗ್ಗೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮನಸ್ಸಿಗೆ ಹಿತ, ತಲೆ ಹಗುರ. ಗುಂಡು ಹಾರುವುದಿಲ್ಲ, ರಕ್ತ ಚಿಮ್ಮುವುದಿಲ್ಲ. ಹಿನ್ನೆಲೆಯಲ್ಲಿ ಮೆಲ್ಲನೆ ಗಿಟಾರು, ಎದುರಿಗೆ ಒಂದು ಕೊಳ, ಕೈಯಲ್ಲಿ ಒಂದು ಗಾಳ. ಇಂಟರ್ನಲ್ಸ್ ಮುಗಿಸಿ ಹಾಸನದ ಹಾಸ್ಟೆಲಿಗೆ ಮರಳಿದ ಹುಡುಗ ಹೇಳುವುದೂ ಇದನ್ನೇ, ಚನ್ನರಾಯಪಟ್ಟಣದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗಿ ಹೇಳುವುದೂ ಇದನ್ನೇ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆಟ ಕೆಟ್ಟದ್ದೆಂದು ಅಲ್ಲ, ಆಟ ಚೆನ್ನಾಗಿಯೇ ಇದೆ. ಆದರೆ ಅದನ್ನು ಆಡುವವರು ಕೇಳುವ ಪ್ರಶ್ನೆಗಳನ್ನು ಕಿವಿಗೊಟ್ಟು ಕೇಳಿದರೆ ಸಾಕು, ಹಿತದ ಮಾತು ಅಲ್ಲೇ ಉದುರಿಹೋಗುತ್ತದೆ.

‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ನೋಡಿ. ಎರಿಕ್ ಬರೋನ್ ಎಂಬ ಅಮೆರಿಕದವನು ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ಒಬ್ಬನೇ ಮಾಡಿ 2016ರಲ್ಲಿ ಹೊರತಂದ ಬೇಸಾಯದ ಆಟ ಅದು. ಮೀನು ಹಿಡಿಯುವುದು ಅದರ ಒಂದು ಭಾಗ. ಆಟ ಶುರುವಾದ ಎರಡನೇ ದಿನ ವಿಲ್ಲಿ ಎಂಬ ಮೀನುಗಾರ ಬಿದಿರಿನ ಗಾಳ ಕೊಡುತ್ತಾನೆ. ನೀರಿಗೆ ಎಸೆದು ಕಾಯಬೇಕು. ಮೀನು ಕಚ್ಚಿದೊಡನೆ ಪರದೆಯಲ್ಲಿ ನಿಂತ ಪಟ್ಟಿಯೊಂದು ಏಳುತ್ತದೆ, ಅದರೊಳಗೆ ಹಸಿರು ತುಂಡೊಂದು. ಗುಂಡಿ ಒತ್ತಿದರೆ ತುಂಡು ಏರುತ್ತದೆ, ಬಿಟ್ಟರೆ ಬೀಳುತ್ತದೆ. ಮೀನಿನ ಚಿತ್ರ ಅದೇ ಪಟ್ಟಿಯಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಜಿಗಿಯುತ್ತಿರುತ್ತದೆ. ಹಸಿರು ಮೀನನ್ನು ಬಿಟ್ಟು ಸರಿದರೆ ಪಕ್ಕದ ಗೆರೆ ಇಳಿಯುತ್ತದೆ, ಪೂರ್ತಿ ಇಳಿದರೆ ಮೀನು ಹೋಯಿತು. ಹೊಸಬರೆಲ್ಲರ ಮೊದಲ ಪ್ರಶ್ನೆ ಒಂದೇ: ಇದು ಇಷ್ಟು ಕಷ್ಟ ಯಾಕೆ? ಬಲ್ಲವರು ಕೊಡುವ ಉತ್ತರವೂ ಸಿದ್ಧವಾಗಿದೆ: ವಿಲ್ಲಿಯ ಅಂಗಡಿಯಲ್ಲಿ 25 ನಾಣ್ಯಕ್ಕೆ ಕಲಿಯುವವರ ಗಾಳ ಸಿಗುತ್ತದೆ, ಮೊದಲು ಅದನ್ನು ತಗೊಳ್ಳಿ. ಇನ್ನು ಗಡಿಯಾರ. ಆಟದ ಹತ್ತು ನಿಮಿಷ ನಮ್ಮ ಏಳು ಸೆಕೆಂಡು. ಬೆಳಿಗ್ಗೆ ಆರರಿಂದ ರಾತ್ರಿ ಎರಡರವರೆಗಿನ ಇಡೀ ದಿನ ನಮ್ಮ 14 ನಿಮಿಷದಲ್ಲಿ ಮುಗಿಯುತ್ತದೆ. ಎರಡು ಗಂಟೆಗೆ ಮನೆ ಸೇರದಿದ್ದರೆ ಆಡುವವನು ಇದ್ದಲ್ಲೇ ಕುಸಿದುಬೀಳುತ್ತಾನೆ. ಇದನ್ನು ವಿಶ್ರಾಂತಿ ಎಂದು ಕರೆಯಬೇಕಾದರೆ ಗಟ್ಟಿ ಮನಸ್ಸು ಬೇಕು.

ಮುಂದಿನ ಪ್ರಶ್ನೆಗಳಲ್ಲಿ ಚಡಪಡಿಕೆ ಇನ್ನೂ ಹೆಚ್ಚು. ಕ್ಯಾಟ್‌ಫಿಶ್ ಎಲ್ಲಿ, ಯಾವಾಗ? ಹೊಳೆಯಲ್ಲಿ, ಮಳೆ ಬಂದ ದಿನ. ‘ಲೆಜೆಂಡ್’ ಎಂಬ ಮಹಾಮೀನು? ವಸಂತದಲ್ಲಿ, ಮಳೆಯಲ್ಲಿ, ಬೆಟ್ಟದ ಕೆರೆಯಲ್ಲಿ, ಅದೂ ಕೈಚಳಕದ ಮಟ್ಟ ಹತ್ತಕ್ಕೆ ಮುಟ್ಟಿದ ಮೇಲೆ. ಎಲ್ಲಕ್ಕಿಂತ ಬೇಗ ದುಡ್ಡು ಮಾಡುವ ಮೀನು ಯಾವುದು? 2024ರಲ್ಲಿ ಬಂದ ‘ವೆಬ್‌ಫಿಶಿಂಗ್’ ಎಂಬ ಇನ್ನೊಂದು ಆಟದಲ್ಲಿ ಬೆಕ್ಕೋ ನಾಯಿಯೋ ಆಗಿ ಸ್ನೇಹಿತರ ಜೊತೆ ಹರಟುತ್ತ ಗಾಳ ಹಾಕಬಹುದು. ಹರಟೆಯೇ ಅದರ ಜೀವ ಎನ್ನುತ್ತಾರೆ. ಅಲ್ಲೂ ಕೇಳುವುದು ಮಾತ್ರ ದಾಖಲೆ ಪುಸ್ತಕದಲ್ಲಿ ಖಾಲಿ ಉಳಿದ ಆ ಕೊನೇ ಮೀನಿನ ಬಗ್ಗೆ, ಮುಂದಿನ ಗಾಳ ಕೊಳ್ಳಲು ಸಾಲದ ದುಡ್ಡಿನ ಬಗ್ಗೆ. ತಲೆ ಹಗುರ ಮಾಡಿಕೊಳ್ಳಲು ಕೂತವರು ಲೆಕ್ಕದ ಪುಸ್ತಕ ತೆರೆದುಕೊಂಡು ಕೂತಿದ್ದಾರೆ.

ಹಾಗಾದರೆ ಆಟದ ತಪ್ಪು ಈ ಚಡಪಡಿಕೆಯೋ? ಅಲ್ಲ. ಗಾಳ ಹಾಕುವುದು ಎಂದೂ ಧ್ಯಾನವಾಗಿರಲಿಲ್ಲ. ನಮ್ಮಲ್ಲಿ ಅದಕ್ಕೊಂದು ಪ್ರಶಾಂತತೆಯ ಪ್ರಭಾವಳಿ ಬಂದದ್ದಕ್ಕೆ ಒಂದು ಕಾರಣ ಪೂರ್ಣಚಂದ್ರ ತೇಜಸ್ವಿ. ಹೇಮಾವತಿ ಹುಟ್ಟುವ ಮೂಡಿಗೆರೆ ಸೀಮೆಯಲ್ಲಿ ಕೂತು ಮೀನು ಶಿಕಾರಿಯ ಹುಚ್ಚು ಹಿಡಿಸಿಕೊಂಡಿದ್ದವರು ಅವರು. ಕಾಡು, ಕೆರೆ, ಗಾಳ ಹಿಡಿದು ಒಬ್ಬನೇ ಕೂತ ಲೇಖಕ ಎಂಬ ಚಿತ್ರವನ್ನು ಅಭಿಮಾನಿಗಳು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಅವರು ತೇಜಸ್ವಿಯ ‘ಪರಿಸರದ ಕತೆ’ಯನ್ನು ಇನ್ನೊಮ್ಮೆ ಓದಿ ನೋಡಲಿ. ಅಲ್ಲಿ ಒಬ್ಬಂಟಿತನ ಎಲ್ಲಿದೆ? ಮಾರ, ಪ್ಯಾರ, ಅವರ ಸುಳ್ಳು, ಜಗಳ, ಪೇಚಾಟಗಳೇ ತುಂಬಿವೆ. ಮೀನು ಅದಕ್ಕೆಲ್ಲ ಒಂದು ನೆಪ.

ಹೊಳೆನರಸೀಪುರದಲ್ಲಿ ಹೇಮಾವತಿ ದಡಕ್ಕೆ ಹೋದರೂ ಅಷ್ಟೇ. ಗಾಳ ಹಾಕಿದವನ ಪಕ್ಕ ಇನ್ನೊಬ್ಬ ಬಂದು ಕುಕ್ಕರುಗಾಲಲ್ಲಿ ಕೂರುತ್ತಾನೆ. “ಏನ್ ಹಾಕಿದ್ದೀಯಣ್ಣ?” “ಎರೆಹುಳ.” “ರಾಗಿಹಿಟ್ಟು ಉಂಡೆ ಕಟ್ ಹಾಕು, ಗೆಂಡೆ ಬತ್ತದೆ.” ಸ್ವಲ್ಪ ಹೊತ್ತು ಬಿಟ್ಟು, “ಗೊರೂರಲ್ಲಿ ನೀರು ಬಿಟ್ಟವ್ರಂತಾ?” ಯಾವ ಎರೆ, ಯಾವ ಹೊತ್ತು, ಯಾವ ಮಡು ಎಂದು ಆಟದವರು ಕೇಳುವುದೂ ಇದನ್ನೇ. ಪ್ರಶ್ನೆಗಳು ಅಸಲಿ, ಸಾವಿರಾರು ವರ್ಷ ಹಳೆಯವು. ಅಷ್ಟರ ಮಟ್ಟಿಗೆ ಆಟ ಮೀನುಗಾರಿಕೆಗೆ ನಿಷ್ಠವಾಗಿದೆ ಎಂದೇ ಹೇಳಬೇಕು. ವ್ಯತ್ಯಾಸ ಇರುವುದು ಕೊನೆಯ ಪ್ರಶ್ನೆಯಲ್ಲಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚು ಹಾಕುವ ಗೊರೂರಿನ ಹೇಮಾವತಿ ಅಣೆಕಟ್ಟಿನ ಮಟ್ಟ, ಗರಿಷ್ಠ 2,922 ಅಡಿ, ಈ ದಡದವನ ಗಾಳಕ್ಕೂ ಸಂಬಂಧಪಟ್ಟದ್ದು. ಮೇಲೆ ಯಾರೋ ಗೇಟು ಎತ್ತಿದರೆ ಇಲ್ಲಿ ಇವನ ಲೆಕ್ಕ ತಪ್ಪುತ್ತದೆ. ಆಟದ ಹೊಳೆಗೆ ಮೇಲೂ ಇಲ್ಲ, ಕೆಳಗೂ ಇಲ್ಲ, ಗೇಟು ಎತ್ತುವವರೂ ಇಲ್ಲ.

ಇಲ್ಲಿ ಹಿರಿಯರು ಬಾಯಿ ಹಾಕುತ್ತಾರೆ: “ಮೊಬೈಲು ಇಟ್ಟು ಹೊಳೆಗೆ ಹೋಗ್ರೋ, ನಮ್ಮ ಕಾಲದಲ್ಲಿ...” ಇದು ಇನ್ನೊಂದು ಸವಕಲು ಮಾತು. ನಿಜವಾಗಿ ಹೊರಟರೆ ಮೊದಲು ಅಡ್ಡ ನಿಲ್ಲುವವರು ಇವರೇ, ಮತ್ತು ನಿಲ್ಲುವುದು ಸರಿಯೇ. ಮರಳು ತೆಗೆದ ಗುಂಡಿಗಳು ನೀರಡಿಯಲ್ಲಿ ಎಲ್ಲಿವೆ ಎಂದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಹುಡುಗಿಯಾದರಂತೂ ಗಾಳ ಹಿಡಿದು ಸಂಜೆವರೆಗೆ ಹೊಳೆದಡದಲ್ಲಿ ಕೂರುವ ಮಾತೇ ಇಲ್ಲ. ಅವಳಿಗೆ ಮೀನು ಹಿಡಿಯುವ ಜಾಗ ಸಿಕ್ಕಿದ್ದರೆ ಅದು ಪರದೆಯಲ್ಲೇ. ಆಟದ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದು. ಆದರೆ ಆಟದ ಅಭಿಮಾನಿಗಳು ಇದನ್ನು ಹೇಳುವುದಿಲ್ಲ, ಹಿತ ಹಿತ ಎನ್ನುತ್ತ ಕೂತಿರುತ್ತಾರೆ.

ನನ್ನ ತಕರಾರು ಬೇರೆ. ಇಷ್ಟೆಲ್ಲ ಪ್ರಶ್ನೆಗಳ ನಡುವೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಲು ಆಟ ಅವಕಾಶವನ್ನೇ ಕೊಡುವುದಿಲ್ಲ: ಈ ಕೆರೆ ಯಾರದು?

ಚನ್ನರಾಯಪಟ್ಟಣದ ಸುತ್ತಿನ ಯಾವುದಾದರೂ ಕೆರೆ ಏರಿಯ ಮೇಲೆ ಗಾಳ ಬಿಚ್ಚಿ ನೋಡಿ. ಮೊದಲು ಬರುವುದು ಮೀನಲ್ಲ, ಕಾವಲುಗಾರ. “ಯಾವನ್ಲಾ ಅದು? ಎತ್ಕಂಡ್ ನಡಿ!” ಅವನು ಕೂಗುವುದರಲ್ಲಿ ನ್ಯಾಯವಿದೆ. 40 ಹೆಕ್ಟೇರಿಗಿಂತ ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆ ಕೊಡುವುದು ಮೀನುಗಾರಿಕೆ ಇಲಾಖೆ, ಚಿಕ್ಕ ಕೆರೆಗಳದ್ದು ಗ್ರಾಮ ಪಂಚಾಯಿತಿ. ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರನೋ ದುಡ್ಡು ಕಟ್ಟಿ ಕಾಟ್ಲಾ, ರೋಹು, ಗೆಂಡೆ ಮರಿ ತಂದು ಬಿಟ್ಟಿರುತ್ತಾರೆ. ಮಳೆ ಕೈಕೊಟ್ಟು, ಹೇಮಾವತಿ ನಾಲೆಯ ನೀರೂ ಬಾರದಿದ್ದರೆ ಕೆರೆಯಂಗಳ ಬಿರುಕುಬಿಡುತ್ತದೆ, ಬಿಟ್ಟ ಮರಿಯ ದುಡ್ಡೂ ಮಣ್ಣುಪಾಲು. ಊರ ಹುಡುಗನಿಗೆ ಕೆರೆ ತನ್ನದು, ಗುತ್ತಿಗೆದಾರನಿಗೆ ಮೀನು ತನ್ನದು, ಕೆಳಗಿನ ಗದ್ದೆಯವನಿಗೆ ನೀರು ತನ್ನದು. ತೂಬು ಎತ್ತುವ ದಿನ ಮೂವರೂ ಏರಿಯ ಮೇಲೆ ನಿಂತಿರುತ್ತಾರೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಇನ್ನೊಂದು ಬಗೆಯ ಒಡೆತನ. ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ಮಹಶೀರ್ ಮೀನುಗಳು ಕಾಲಬುಡಕ್ಕೆ ಬರುತ್ತವೆ, ಭಕ್ತರು ಪುರಿ ಎಸೆಯುತ್ತಾರೆ, ಬಾಯಿಗಳು ಒಂದರ ಮೇಲೊಂದು ಏಳುತ್ತವೆ. ಹಿಡಿಯುವಂತಿಲ್ಲ. ಮೀನು ದೇವರದ್ದು. ಕೊಣನೂರಿನಿಂದ ಬಂದವನಿಗೂ ಗೊತ್ತು, ಬೆಂಗಳೂರಿನಿಂದ ಬಂದವನಿಗೂ ಗೊತ್ತು. ಇಷ್ಟು ದೊಡ್ಡ ಮೀನು ಇಷ್ಟು ಹತ್ತಿರ ಇದ್ದೂ ಕೈ ಕಟ್ಟಿ ನಿಲ್ಲುವುದು ಮೀನಿನ ಜೊತೆ ಮನುಷ್ಯ ಇಟ್ಟುಕೊಳ್ಳಬಹುದಾದ ಸಂಬಂಧಗಳಲ್ಲಿ ಒಂದು. ಆಟಗಳಲ್ಲಿ ಇದಕ್ಕೆ ಗುಂಡಿಯಿಲ್ಲ. ಅಲ್ಲಿ ನೀರು ಕಂಡರೆ ಗಾಳ ಹಾಕು, ಮೀನು ಬಂದರೆ ಮಾರು.

ಹಿತ ಎನ್ನುವ ಅನುಭವದ ಬೇರು ಇಲ್ಲಿದೆ ಎಂಬುದು ನನ್ನ ವಾದ. ಆಟ ಹಿತವಾಗಿರುವುದು ಅದು ನಿಧಾನ ಎಂದಲ್ಲ, ಅದು ನಿಧಾನವೂ ಅಲ್ಲ. ಆ ನೀರಿನ ಮೇಲೆ ಬೇರೆ ಯಾರಿಗೂ ಹಕ್ಕಿಲ್ಲ, ಅದಕ್ಕೇ ಹಿತ. ಇಂಥ ಹಿತ ಪರದೆಯ ಹೊರಗೂ ಸಿಗುತ್ತದೆ. ಭಾನುವಾರ ಶೆಟ್ಟಿಹಳ್ಳಿಗೆ ಹೋದವರನ್ನು ಕೇಳಿ. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿದ ರೋಸರಿ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗುತ್ತದೆ, ನೀರು ಇಳಿದಾಗ ಏಳುತ್ತದೆ. ಫೋಟೊ ತೆಗೆದವರು “ಎಂಥಾ ಶಾಂತಿ” ಎನ್ನುತ್ತಾರೆ. ಶಾಂತಿ ಇದೆ, ಯಾಕೆಂದರೆ 1979ರಲ್ಲಿ ಪೂರ್ತಿಯಾದ ಅಣೆಕಟ್ಟಿಗಾಗಿ ಅಲ್ಲಿದ್ದ ಜನರನ್ನು ಎಬ್ಬಿಸಿ ಕಳಿಸಿದ್ದಾರೆ. ಅದೇ ಹಿನ್ನೀರಿನಲ್ಲಿ ಸಂಜೆ ತೆಪ್ಪ ಹತ್ತಿ ಬಲೆ ಬಿಟ್ಟು, ಬೆಳಗಿನ ಜಾವ ಎದ್ದು ಎಳೆಯುವವನು ಶಾಂತಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ.

“ಅಯ್ಯೋ, ಬರೀ ಆಟ ಸಾರ್, ಯಾವ ಮೀನೂ ಸಾಯಲ್ಲ” ಎಂಬ ಉತ್ತರ ಬರುತ್ತದೆ. ಹಾಸನ ಜಿಲ್ಲೆಯಲ್ಲಿ ನಿಂತು ಹೀಗೆ ಹೇಳುವುದು ಅಷ್ಟು ಸುಲಭವಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ತಾಯಿಯ ಒತ್ತಾಯಕ್ಕೆ ಯಶೋಧರ ದೇವಿಗೆ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಜೀವ ಇಲ್ಲದ್ದು, ಬರೀ ಗೊಂಬೆ. ಆದರೂ ಕೊಲ್ಲುವ ಸಂಕಲ್ಪ ಮಾಡಿದ ತಪ್ಪಿಗೆ ತಾಯಿ ಮಗ ಇಬ್ಬರೂ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಒಂದು ಜನ್ಮದಲ್ಲಿ ಯಶೋಧರ ಮೀನೇ ಆಗಿ ಹುಟ್ಟುತ್ತಾನೆ, ತಾಯಿ ಮೊಸಳೆ. ಶ್ರವಣಬೆಳಗೊಳದ ಹುಡುಗನೊಬ್ಬ ಪರದೆಯ ಮೀನು ಹಿಡಿಯಬಹುದೇ ಎಂದು ಜನ್ನನನ್ನು ಕೇಳಿದ್ದರೆ ಉತ್ತರ ಏನಿರುತ್ತಿತ್ತು ಎಂದು ಊಹಿಸಬಹುದು. ನಾನು ಅಷ್ಟು ದೂರ ಹೋಗುವುದಿಲ್ಲ, ಪಿಕ್ಸೆಲ್ ಮೀನಿಗಾಗಿ ಯಾರೂ ಮೊಸಳೆಯಾಗಿ ಹುಟ್ಟಬೇಕಿಲ್ಲ. ಆದರೆ ಆಟ ಕೈಗೆ ಏನನ್ನು ರೂಢಿಸುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಗುಂಡು ಹಾರಿಸುವ ಆಟಗಳಿಗೆ ನಾವು ಕೇಳುವ ಪ್ರಶ್ನೆಯನ್ನು ಮುದ್ದಾದ ಆಟಗಳಿಗೆ ಮಾಫಿ ಮಾಡಿಬಿಟ್ಟಿದ್ದೇವೆ.

ಮಹಾಮೀನಿನ ವಿಷಯದಲ್ಲಿ ಇದು ತೀರಾ ಎದ್ದು ಕಾಣುತ್ತದೆ. ಆಟದಲ್ಲಿ ‘ಲೆಜೆಂಡ್’ ಕಾಯುತ್ತಲೇ ಇರುತ್ತದೆ. ಈ ವಸಂತ ತಪ್ಪಿದರೆ ಮುಂದಿನ ವಸಂತ. ಕಾವೇರಿ ಕೊಳ್ಳದಲ್ಲೂ ಮಹಾಮೀನು ಇತ್ತು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ ತೂಗಿದ್ದು 120 ಪೌಂಡು. ಆ ಗೂನು ಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಲು 2018ರವರೆಗೆ ಕಾಯಬೇಕಾಯಿತು. ಹೆಸರು ಸಿಕ್ಕ ವರ್ಷವೇ ಅದು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು, ಸಿಡಿಮದ್ದು, ಮೀನುಮರಿ ಕೇಂದ್ರದಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಎಲ್ಲವೂ ಸೇರಿ ಮಾಡಿದ ಕೆಲಸ ಅದು. ಎಲ್ಲಿ, ಯಾವಾಗ, ಯಾವ ಎರೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವೇ ಇಲ್ಲ.

ಇಷ್ಟೆಲ್ಲ ಭಾರ ಹೊತ್ತರೆ ಅದು ಆಟವಾಗಿ ಉಳಿದೀತೇ ಎಂದು ಕೇಳುವವರಿಗೆ ‘ಡ್ರೆಜ್’ ತೋರಿಸುತ್ತೇನೆ. ನ್ಯೂಜಿಲೆಂಡಿನ ಬ್ಲ್ಯಾಕ್ ಸಾಲ್ಟ್ ಗೇಮ್ಸ್ ಎಂಬ ಚಿಕ್ಕ ತಂಡ 2023ರಲ್ಲಿ ತಂದದ್ದು. ಅದನ್ನು ಭಯದ ಆಟವೆಂದು ಮಾರುತ್ತಾರೆ, ರಾತ್ರಿ ಸಮುದ್ರದಲ್ಲಿ ಏನೇನೋ ಏಳುತ್ತದೆ. ನನಗೆ ಅದರಲ್ಲಿ ಹಿಡಿಸಿದ್ದು ದೆವ್ವಗಳಲ್ಲ, ಮೊದಲ ದಿನವೇ ತಲೆ ಮೇಲೆ ಬೀಳುವ ಸಾಲ. ಊರಿನ ಮೇಯರ್ ಕೊಟ್ಟ ದೋಣಿಯ ಸಾಲ ತೀರಿಸಲು ಮೀನು ಹಿಡಿಯಬೇಕು. ದೋಣಿಯಲ್ಲಿ ಜಾಗ ಅಷ್ಟಕ್ಕಷ್ಟೇ, ಹೊತ್ತು ಮೀರಿ ಇಟ್ಟರೆ ಮೀನು ಹಳಸುತ್ತದೆ. ಹಿತದ ಆಟಗಳೆಂದು ಹೆಸರಾದವುಗಳಿಗಿಂತ ಈ ಭಯದ ಆಟವೇ ಮೀನುಗಾರನ ಬದುಕಿಗೆ ಹತ್ತಿರ, ಮತ್ತು ಜನ ಅದನ್ನು ಬೇಜಾರಿಲ್ಲದೆ ಆಡಿದ್ದಾರೆ. ಹಾಗಾಗಿ ಆಟದಲ್ಲಿ ಇದೆಲ್ಲ ಸಾಧ್ಯವಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವವರಿಗೆ ಒಂದು ಮಾತು. ಫೈನಲ್ ಇಯರ್ ಪ್ರಾಜೆಕ್ಟಿಗೆ ಇನ್ನೊಂದು ಹಾಜರಾತಿ ಆ್ಯಪ್ ಮಾಡುವ ಬದಲು ಒಂದು ಮೀನಿನ ಆಟ ಮಾಡಿ. ಮೊದಲ ಪರದೆಯಲ್ಲಿ ಕೆರೆಯ ಹರಾಜು ನಡೆಯಲಿ. ಗೊರೂರಿನಲ್ಲಿ ಗೇಟು ಎತ್ತಿದ ದಿನ ಹೊಳೆನರಸೀಪುರದ ದಡ ಬಿಟ್ಟು ಏಳಬೇಕಾಗಲಿ. ಚನ್ನರಾಯಪಟ್ಟಣದ ಕೆರೆಗೆ ನಾಲೆಯ ನೀರು ಒಂದು ವರ್ಷ ಬರಲಿ, ಒಂದು ವರ್ಷ ಬಾರದಿರಲಿ. ರಾಮನಾಥಪುರದಲ್ಲಿ ಗಾಳ ತೆಗೆದರೆ ಆಟ ನಿಮ್ಮನ್ನು ಬೈದು ಕಳಿಸಲಿ. ಆಡುವವರು ಕೇಳುವ ಪ್ರಶ್ನೆಗಳು ಆಗ ಬೇರೆಯಾಗುತ್ತವೆ. ಮಾರುವಾಗ ಮಾತ್ರ ಅದನ್ನು ‘ರಿಲ್ಯಾಕ್ಸಿಂಗ್’ ಎಂದು ಕರೆಯಬೇಡಿ.