ವರದಿಗೆ ಸಹಿ ಹಾಕುವವರು

ತಿರುವನಂತಪುರದ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಕೊಚ್ಚಿಯ ಪ್ರಾದೇಶಿಕ ಕೇಂದ್ರಕ್ಕೋ ಪೊಲೀಸರ ಪೊಟ್ಟಣ ಬಂದೊಡನೆ ಯಾರೂ ಯಂತ್ರ ಚಾಲೂ ಮಾಡುವುದಿಲ್ಲ. ಅರಗಿನ ಮುದ್ರೆ ಒಡೆದಿಲ್ಲವೆಂದು ನೋಡಿ, ಅದನ್ನು ಜೊತೆಗೆ ಬಂದ ಮಾದರಿ ಮುದ್ರೆಯೊಂದಿಗೆ ತಾಳೆ ಹಾಕಬೇಕು. ಪೊಟ್ಟಣದ ಜೊತೆ ಬರುವ ಫಾರ್ವರ್ಡಿಂಗ್ ನೋಟ್‌ನಲ್ಲಿ ಮಾದರಿ ಮುದ್ರೆ ಇರಲಿಲ್ಲವೆಂಬ ಕಾರಣಕ್ಕೆ ಅಬಕಾರಿ ಪ್ರಕರಣಗಳ ಆರೋಪಿಗಳನ್ನು ಕೇರಳ ಹೈಕೋರ್ಟ್ ಬಿಟ್ಟು ಕಳಿಸಿದ ಉದಾಹರಣೆಗಳು ಹಲವು. ಈ ಎಚ್ಚರ ಪುಸ್ತಕ ಓದಿ ಬರುವುದಲ್ಲ, ಮೇಜಿನ ಮುಂದೆ ವರ್ಷಗಟ್ಟಲೆ ಕೂತು ಬರುವುದು. ಅಂಥವರನ್ನು ಬೆಳೆಸುವ ವ್ಯವಸ್ಥೆ ಅಲ್ಲಿ ಇದೆಯೇ?

ಇದೆ, ಆದರೆ ಅರೆಬರೆ. ಕೇರಳದ ಪ್ರಯೋಗಾಲಯ 1961ರಿಂದ ಪೊಲೀಸ್ ಇಲಾಖೆಯ ಅಂಗ. ತ್ರಿಶೂರು, ಕೊಚ್ಚಿ, ಕಣ್ಣೂರುಗಳಲ್ಲಿ ಅದರ ಶಾಖೆಗಳಿವೆ. ಮದ್ಯ, ವಿಷ, ಮಾದಕವಸ್ತುಗಳ ಪರೀಕ್ಷೆಗೆ ಕೆಮಿಕಲ್ ಎಕ್ಸಾಮಿನರ್ ಪ್ರಯೋಗಾಲಯವೆಂಬ ಪ್ರತ್ಯೇಕ ಇಲಾಖೆಯೇ ಇದೆ. ಒಂದೇ ಊರಿನಲ್ಲಿ, ಒಂದೇ ನ್ಯಾಯಾಲಯಕ್ಕಾಗಿ ದುಡಿಯುವ ರಸಾಯನಶಾಸ್ತ್ರಜ್ಞರು ಎರಡು ಬೇರೆ ಏಣಿಗಳನ್ನು ಹತ್ತಬೇಕು. ಇದು ಪ್ರತಿಭೆಯ ಪೋಲು ಎಂದೇ ನನ್ನ ಅಭಿಪ್ರಾಯ.

ಬಡ್ತಿಯನ್ನು ಸಂಬಳದ ಲೆಕ್ಕದಲ್ಲಷ್ಟೇ ನೋಡುವವರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮನ್ನು ಓದಬೇಕು. ಸಾಕ್ಷಿಕಟ್ಟೆಗೆ ಬಾರದೆಯೂ ಯಾರ ವರದಿ ಸಾಕ್ಷ್ಯವಾಗಬಹುದು ಎಂಬ ಪಟ್ಟಿ ಅಲ್ಲಿದೆ: ರಾಜ್ಯ ಪ್ರಯೋಗಾಲಯದ ನಿರ್ದೇಶಕ, ಉಪನಿರ್ದೇಶಕ, ಸಹಾಯಕ ನಿರ್ದೇಶಕ ಹೀಗೆ. ಅಧಿಸೂಚನೆಯ ಮೂಲಕ ಬೇರೆ ತಜ್ಞರನ್ನೂ ಸೇರಿಸಲು ಅವಕಾಶವಿದೆ. ಕೆಳ ದರ್ಜೆಯ ವಿಜ್ಞಾನಾಧಿಕಾರಿಯ ಸಹಿ ಸಾಲದು ಎಂಬ ವಾದ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಾಲದಲ್ಲೇ ಎದ್ದಿತ್ತು. ಹಿಮಾಚಲದ ಕೊಲೆ ಪ್ರಕರಣವೊಂದರಲ್ಲಿ ಹೈಕೋರ್ಟ್ ಅದನ್ನು ಒಪ್ಪಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಬೇಕಾಯಿತು. ಒಬ್ಬ ನೌಕರನ ದರ್ಜೆ ಕೊಲೆಯ ಮೊಕದ್ದಮೆಯನ್ನೇ ಅಲುಗಾಡಿಸಿತು ಎಂದಾಯಿತು.

ಸರ್ಕಾರಿ ಪ್ರಯೋಗಾಲಯಕ್ಕೆ ಸ್ಪರ್ಧೆ ಎಲ್ಲಿಂದ, ಅಲ್ಲಿನವರ ಪರಿಣತಿಯ ಬಗ್ಗೆ ಇಷ್ಟು ಚಿಂತೆ ಏಕೆ ಎನ್ನುವವರಿದ್ದಾರೆ. ಪಾಟೀಸವಾಲಿನಲ್ಲಿ ವರದಿ ನಿಲ್ಲುತ್ತದೋ ಇಲ್ಲವೋ, ಅದೇ ಅದರ ಸ್ಪರ್ಧೆ. 2016ರ ಪೆರುಂಬಾವೂರಿನ ಕಾನೂನು ವಿದ್ಯಾರ್ಥಿನಿಯ ಕೊಲೆಯಲ್ಲಿ ಶಿಕ್ಷೆಗೆ ಮುಖ್ಯ ಆಧಾರವಾದದ್ದು ಡಿಎನ್‌ಎ ಸಾಕ್ಷ್ಯ. ಎರ್ನಾಕುಲಂ ಸೆಷನ್ಸ್ ನ್ಯಾಯಾಲಯ 2017ರಲ್ಲಿ ಕೊಟ್ಟ ಮರಣದಂಡನೆಯನ್ನು ಹೈಕೋರ್ಟ್ 2024ರಲ್ಲಿ ಎತ್ತಿಹಿಡಿಯಿತು. ಒಬ್ಬನ ಪ್ರಾಣವೇ ಪಣಕ್ಕಿರುವಾಗ ಪರೀಕ್ಷೆ ಮಾಡಿದವರು ತಮ್ಮ ವಿದ್ಯೆಯಲ್ಲಿ ಹಿಂದುಳಿಯುವಂತಿಲ್ಲ.

ಇನ್ನು ಸೈಬರ್ ವಿಭಾಗ. ಅಲ್ಲಿ ಪಳಗಿದವರಿಗೆ ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್‌ನ ಐಟಿ ಕಂಪನಿಗಳು ಕೂಗಳತೆಯಲ್ಲಿವೆ. ಜ್ಯೇಷ್ಠತೆಯ ಪಟ್ಟಿ ತೋರಿಸಿ ಅವರನ್ನು ಉಳಿಸಿಕೊಳ್ಳಲಾಗದು.

2024ರ ಜುಲೈ 1ರಿಂದ ಜಾರಿಗೆ ಬಂದ ಇದೇ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೇ ಹೋಗಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷ ಕಾಲಾವಕಾಶವಿದೆ. ಯಂತ್ರ ಕೊಳ್ಳಲು ಟೆಂಡರ್ ಕರೆದರಾಯಿತು, ತಜ್ಞರನ್ನು ಹಾಗೆ ತರಿಸಲಾಗದು. ಈ ಅವಧಿಯೊಳಗೆ ಎರಡೂ ಪ್ರಯೋಗಾಲಯಗಳಿಗೆ ಸಮಾನ ತರಬೇತಿ ಏರ್ಪಡಿಸಿ, ಪ್ರಾವೀಣ್ಯ ಪರೀಕ್ಷೆಯನ್ನೂ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ ಅನುಭವವನ್ನೂ ಬಡ್ತಿಗೆ ಪರಿಗಣಿಸಬೇಕು. ಕೇರಳ ಸರ್ಕಾರ ಇದನ್ನು ಮಾಡಲಿ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ನಡೆಸುವ ನಮ್ಮ ಕರ್ನಾಟಕ ಸರ್ಕಾರವೂ ಮಾಡಲಿ.