‘ಆಜಾದ್’ ಮತ್ತು ‘ಬಿಡುಗಡೆ’: ಒಂದು ಪದವಿಚಾರ

ಪಾರಸಿ ಮೂಲದ ಪದಗಳಿಗೆ ‘ಅನ್ಯದೇಶ್ಯ’ವೆಂಬ ಹೆಸರಿಟ್ಟು ವಿಚಾರವನ್ನು ಅಲ್ಲಿಗೇ ಮುಗಿಸುವ ರೂಢಿ ನಮ್ಮ ಭಾಷಾವಿಮರ್ಶೆಯಲ್ಲಿದೆ. ಪದವು ಎಲ್ಲಿಂದ ಬಂದಿತೆಂಬುದು ಇದರಿಂದ ತಿಳಿಯುತ್ತದೆ. ಯಾವ ಪದ ಒಳಗೆ ಬಂದಿತು, ಯಾವುದು ಹೊಸ್ತಿಲಲ್ಲಿಯೇ ನಿಂತಿತು ಎಂಬುದು ತಿಳಿಯುವುದಿಲ್ಲ. ‘ಆಜಾದ್’ ಪದದ ಮೂಲಕ ಈ ಮಿತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅವೆಸ್ತಾ ಭಾಷೆಯಲ್ಲಿ ಈ ಪದದ ಪೂರ್ವರೂಪಕ್ಕೆ ‘ಸತ್ಕುಲದಲ್ಲಿ ಹುಟ್ಟಿದವನು’ ಎಂಬ ಅರ್ಥವಿತ್ತು. ಅದರ ಧಾತುವೂ ಸಂಸ್ಕೃತದ ‘ಜನ್’ ಧಾತುವೂ ಒಂದೇ ಮೂಲದವು. ಕನ್ನಡದಲ್ಲಿ ಬಳಕೆಯಲ್ಲಿರುವ ‘ಅಭಿಜಾತ’ವೂ ಆ ಧಾತುವಿನದೇ ಆದುದರಿಂದ, ಅನ್ಯವೆನಿಸಿದ ಪದವು ವಾಸ್ತವವಾಗಿ ದೂರದ ದಾಯಾದಿ. ಸಸಾನಿಯನರ ಇರಾನಿನಲ್ಲಿ ‘ಆಜಾದಾನ್’ ಎಂಬುದು ಒಂದು ಕುಲೀನವರ್ಗದ ಹೆಸರಾಗಿತ್ತು. ಅರ್ಮೇನಿಯನ್ ಭಾಷೆಯು ಇದನ್ನು ‘ಅಜತ್’ ಎಂದು ಪಡೆದು ಕುಲೀನ, ಸ್ವತಂತ್ರ ಎಂಬ ಎರಡೂ ಅರ್ಥಗಳಲ್ಲಿ ಬಳಸಿತು. ತುರ್ಕಿ, ಉರ್ದುಗಳಲ್ಲಿ ಕುಲದ ಅರ್ಥ ಹಿಂದೆ ಸರಿದು, ದಾಸ್ಯವಿಲ್ಲದವನು ಎಂಬುದು ಮುಂದಾಯಿತು.

ಕನ್ನಡಕ್ಕೆ ಪಾರಸಿಯು ಬಹುಮಟ್ಟಿಗೆ ಆಡಳಿತದ ದಾರಿಯಲ್ಲಿ ಬಂದಿತು. ಸರ್ಕಾರ, ಜಮೀನು, ದಫ್ತರ, ಜಹಗೀರು ಇವೆಲ್ಲ ಹಳ್ಳಿಯ ಮಾತಾದುವು. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಈ ಸೀಮೆಯಲ್ಲಿ ದೊಡ್ಡತನವನ್ನು ಸೂಚಿಸಿದ ಪಾರಸಿ ಪದವು ‘ಜಹಗೀರುದಾರ’ನೇ ಹೊರತು ‘ಆಜಾದ್’ ಅಲ್ಲ. ಎರಡನೆಯದು ಮೌಲಾನಾ ಆಜಾದ್, ಚಂದ್ರಶೇಖರ ಆಜಾದ್ ಎಂಬ ಹೆಸರುಗಳಲ್ಲಿಯೂ 1943ರ ಆಜಾದ್ ಹಿಂದ್ ಸರ್ಕಾರದ ನೆನಪಿನಲ್ಲಿಯೂ ಘೋಷಣೆಗಳಲ್ಲಿಯೂ ಪರಿಚಿತವಾಯಿತೇ ವಿನಾ ನಿತ್ಯದ ನಾಮಪದವಾಗಲಿಲ್ಲ.

ಆ ಸ್ಥಾನ ಬರಿದಾಗಿರಲಿಲ್ಲ. ತಮಿಳುನಾಡಿನ ಗಡಿಗೆ ಸಮೀಪದ, ಈಗ ಹನೂರು ತಾಲ್ಲೂಕಿಗೆ ಸೇರಿದ ಹೂಗ್ಯಂನಂತಹ ಊರಿನಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಡಳಿತದ ಗಡಿ ಬದಲಾದರೂ ಕನ್ನಡದ ‘ಬಿಡುಗಡೆ’, ತಮಿಳಿನ ‘ವಿಡುದಲೈ’ ಒಂದೇ ದ್ರಾವಿಡ ಧಾತುವಿನ ಪದಗಳಾಗಿಯೇ ಉಳಿದಿವೆ. ಸೆರೆಯಿಂದ, ಸಾಲದಿಂದ, ಭವಬಂಧನದಿಂದ ಬಿಡುಗಡೆ ಎನ್ನುವಾಗ ಈ ಪದವು ಕಟ್ಟನ್ನು ಕಾಣುತ್ತದೆ. ಕಟ್ಟುಬಿದ್ದವನ ಕುಲವನ್ನು ಕೇಳುವುದಿಲ್ಲ.

ಹಾಗೆಂದು ‘ಆಜಾದ್’ ಕುಲೀನರ ಪದ, ‘ಬಿಡುಗಡೆ’ ಜನರ ಪದ ಎಂದು ತೀರ್ಮಾನಿಸುವುದು ಅವಸರವಾದೀತು. ಪದದ ಹುಟ್ಟು ಅದರ ಹಣೆಬರಹವಲ್ಲ. ಕೆಲವರ ಜನ್ಮಸಿದ್ಧ ಹಿರಿಮೆಯನ್ನು ಹೇಳುತ್ತಿದ್ದ ಪದವನ್ನೇ ಗುಲಾಮನಿಗೆ ದೊರೆತ ಮುಕ್ತಿಯನ್ನು ಹೇಳಲು ಜನ ಬಳಸಿಕೊಂಡರು. ನಮ್ಮಲ್ಲಿಯೂ 1976ರ ಜೀತಪದ್ಧತಿ ರದ್ದತಿ ಕಾಯ್ದೆ ಹೇಳಿದ್ದು ಇದೇ ನ್ಯಾಯವನ್ನು: ಹುಟ್ಟಿನಿಂದ ಬಂದ ಕಟ್ಟು ಹುಟ್ಟಿನೊಡನೆ ಉಳಿಯಬೇಕಾಗಿಲ್ಲ. ಪದವೊಂದನ್ನು ‘ಅನ್ಯದೇಶ್ಯ’ವೆಂದು ಗುರುತಿಸಿದ ಬಳಿಕ, ಅದು ಯಾರ ಬಾಯಲ್ಲಿ ಯಾವ ಕಟ್ಟನ್ನು ಬಿಚ್ಚಿತು ಎಂದು ಕೇಳುವುದೂ ಭಾಷಾವಿಮರ್ಶೆಯ ಕರ್ತವ್ಯ.