ತಕ್ಕಡಿಗೆ ಕಾಣದ ಕೊಬ್ಬು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಅಂಗನವಾಡಿಗಳಲ್ಲಿ ಮಕ್ಕಳ ತೂಕ ನೋಡಿ ಬೆಳವಣಿಗೆ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಗುರುತು ಹಸಿರಲ್ಲಿ ಬಿದ್ದರೆ ಟೀಚರಿಗೂ ತಾಯಿಗೂ ಸಮಾಧಾನ. ತುಳು, ಕನ್ನಡ, ಮಲಯಾಳ, ಬ್ಯಾರಿ ಮಾತಾಡುವ ಮನೆಗಳ ಮಕ್ಕಳಿಗೂ ಕೊರಗ ಬುಡಕಟ್ಟಿನ ಮಕ್ಕಳಿಗೂ ಪಟ್ಟಿ ಒಂದೇ. ಇದು ನ್ಯಾಯವೇ?

ನ್ಯಾಯವೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ಅಳತೆಗೋಲಿಗಾಗಿ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತದ ಸುಮಾರು 8,500 ಮಕ್ಕಳನ್ನು ಅಳೆದಿದ್ದರು. ಅವರಲ್ಲಿ ಭಾರತದ ಮಕ್ಕಳು ದಕ್ಷಿಣ ದೆಹಲಿಯ ಅನುಕೂಲಸ್ಥ ಮನೆಗಳವರು. ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ದೇಶ ದೇಶಗಳ ನಡುವಿನ ಪಾಲು ಬರೀ 3%ರಷ್ಟು. ಮಗುವಿಗೂ ಮಗುವಿಗೂ ಇರುವುದು 70%. ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ 2013ರಲ್ಲಿ ಈ ಅಳತೆಗೋಲು ಭಾರತಕ್ಕೆ ಹೊಂದುವುದಿಲ್ಲವೆಂದು ವಾದಿಸಿದಾಗ ಆಂಗಸ್ ಡೀಟನ್, ಜಾನ್ ಡ್ರೇಜ್ ಮೊದಲಾದವರು ಖಂಡಿಸಿದರು. ಖಂಡಿಸಿದ್ದು ಒಳ್ಳೆಯದಾಯಿತು. ‘ಅವರ ಜನವೇ ಸಣ್ಣ ಮೈಕಟ್ಟಿನವರು’ ಎಂಬ ಮಾತು ಒಮ್ಮೆ ಪಟ್ಟಿಯೊಳಗೆ ಹೊಕ್ಕರೆ, ಕೊರಗರ ಹಾಡಿಯ ಹಸಿವು ಹಸಿವಾಗಿ ಉಳಿಯದೆ ವಂಶದ ಗುಣವಾಗಿಬಿಡುತ್ತದೆ.

ಪಟ್ಟಿಯ ನಿಜವಾದ ಕೊರತೆ ಬೇರೆ ಕಡೆ ಇದೆ. ತೂಕವು ಮೂಳೆ, ಸ್ನಾಯು, ಕೊಬ್ಬು ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ, ಬಿಡಿಸಿ ಹೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ನಿಕ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ಅಲ್ಲಿನ ಹಳ್ಳಿಗಳ ಶಿಶುಗಳು ಹುಟ್ಟುವಾಗ ಸರಾಸರಿ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳು 3.5 ಕಿಲೊ. ಆದರೆ ಆ ಕೊರತೆ ಹೆಚ್ಚಾಗಿ ಸ್ನಾಯುವಿನದ್ದು. ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟೇನೂ ಕಡಿಮೆ ಇರಲಿಲ್ಲ. ನಮಗೆ ಇನ್ನೂ ಹತ್ತಿರದ ಸಾಕ್ಷಿ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯ ‘ಪಾರ್ಥೆನಾನ್’ ಅಧ್ಯಯನ. ಕೃಷ್ಣವೇಣಿ ಮತ್ತು ಸಂಗಡಿಗರ 2005ರ ವರದಿಯ ಪ್ರಕಾರ ಅಲ್ಲಿನ ಮಕ್ಕಳು ನಾಲ್ಕನೇ ವಯಸ್ಸಿನಲ್ಲೂ ಇಂಗ್ಲೆಂಡಿನ ಮಕ್ಕಳಿಗಿಂತ ಹಗುರ, ಗಿಡ್ಡ. ಹೆಗಲೆಲುಬಿನ ಕೆಳಗಿನ ಕೊಬ್ಬು ಮಾತ್ರ ಅವರಿಗಿಂತ ದಪ್ಪ! ಮಧುಮೇಹದ ದಾರಿ ಶುರುವಾಗುವುದು ಇಲ್ಲಿಂದಲೇ ಎಂಬ ಶಂಕೆಗೆ ಈ ಅಧ್ಯಯನಗಳು ಬಲ ಕೊಟ್ಟವು.

ಕಾಸರಗೋಡಿಗೆ ಇದು ದೂರದ ಸುದ್ದಿಯಲ್ಲ. ಕೇರಳದ ಅಂಗನವಾಡಿಗಳು ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಕೊಡುವ ಅಮೃತಂ ನ್ಯೂಟ್ರಿಮಿಕ್ಸ್‌ ಹದಗೊಂಡದ್ದು ಇಲ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ನೆರವಿನಲ್ಲಿ. ತಯಾರಿಸುವವರು ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಹೆಂಗಸರು. ಗೋಧಿ, ಕಡಲೆ, ಸೋಯಾ, ನೆಲಗಡಲೆಯ ಈ ಪುಡಿ ದೊಡ್ಡ ಕೆಲಸ ಮಾಡಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದರಲ್ಲಿ ಸಕ್ಕರೆಯೂ ಇದೆ. ಮಗುವಿನ ತೂಕ ಅರ್ಧ ಕಿಲೊ ಏರಿದರೆ ಅದು ಬೇಳೆ ಕಟ್ಟಿದ ಸ್ನಾಯುವೋ, ಸಕ್ಕರೆ ತುಂಬಿದ ಕೊಬ್ಬೋ ಎಂದು ತಕ್ಕಡಿಯನ್ನು ಕೇಳಿ ಪ್ರಯೋಜನವಿಲ್ಲ.

ಹಾಗಾಗಿ ತೂಕ ಎತ್ತರಕ್ಕೆ ತಕ್ಕಂತಿದೆಯೇ ಎಂದಾದರೂ ತಿಳಿಯಲು ಎತ್ತರವನ್ನು ತೂಕದಷ್ಟೇ ಶ್ರದ್ಧೆಯಿಂದ ಅಳೆಯಬೇಕು. ಅಂಗನವಾಡಿಗಳ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಎತ್ತರಕ್ಕೂ ಜಾಗವಿದೆ. ಆದರೆ ಅಲುಗಾಡುವ ಮಗುವನ್ನು ನೆಟ್ಟಗೆ ನಿಲ್ಲಿಸಲು ಇಬ್ಬರು ಬೇಕು, ಒಬ್ಬ ಟೀಚರ್ ಮೇಲೆ ಹೊರಿಸಿದರೆ ಅಂದಾಜಿನ ಅಂಕಿಯೇ ಸಿಗುತ್ತದೆ. ಐದು ದಾಟಿದ ಮಕ್ಕಳಿಗೆ ಭಾರತೀಯ ಮಕ್ಕಳ ವೈದ್ಯರ ಸಂಘ (ಐಎಪಿ) 2015ರಲ್ಲೇ ಬೇರೆ ಪಟ್ಟಿ ಕೊಟ್ಟಿದೆ. ದೊಡ್ಡವರ ಬಿಎಂಐ 25 ಮತ್ತು 30ರ ಬದಲು 23 ಮತ್ತು 27ಕ್ಕೆ ಸಮನಾದ ಗೆರೆಗಳಲ್ಲಿ ಅದು ಅತಿತೂಕ, ಬೊಜ್ಜಿನ ಬಗ್ಗೆ ಎಚ್ಚರಿಸುತ್ತದೆ. ಆ ಗೆರೆಗಳು ಉಪಯೋಗಕ್ಕೆ ಬರಬೇಕಾದರೆ ಅಂಗನವಾಡಿಯಲ್ಲಿ ಬರೆದಿಟ್ಟ ತೂಕ, ಎತ್ತರದ ದಾಖಲೆ ಮಗು ಒಂದನೇ ಕ್ಲಾಸಿಗೆ ಸೇರುವಾಗ ಅದರ ಜೊತೆ ಶಾಲೆಗೂ ಹೋಗಬೇಕು.